ನದಿ ದಡದ ಊರುಗಳಿಗೆ ಕಣ್ಣು ಹೋಗುವುದು ಯಾಕೆ?

ಐವರ್‌ಮೆಕ್ಟಿನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಕೋವಿಡ್. 2021ರ ಮೇ ತಿಂಗಳು, ಎರಡನೇ ಅಲೆ ಜೋರಾಗಿದ್ದಾಗ, ಪಕ್ಕದ ಗೋವಾ ಸರ್ಕಾರ ವಯಸ್ಕರೆಲ್ಲರಿಗೂ ಈ ಮಾತ್ರೆ ಕೊಡ್ತೀವಿ ಅಂತ ಪ್ರಕಟಿಸಿತು. ಟ್ರಯಲ್‌ಗಳನ್ನು ಬಿಟ್ಟು ಬೇರೆಲ್ಲೂ ಇದನ್ನು ಕೋವಿಡ್‌ಗೆ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಮೊದಲೇ ಹೇಳಿತ್ತು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ಕೇಂದ್ರದ ಮಾರ್ಗಸೂಚಿಯಿಂದಲೂ ಅದರ ಹೆಸರು ಹೋಯಿತು. ಒಂದು ಕಡೆ ಪವಾಡದ ಮಾತ್ರೆ, ಇನ್ನೊಂದು ಕಡೆ ದನದ ಮಾತ್ರೆ ಅನ್ನುವ ಜಗಳದಲ್ಲಿ ಅದರ ಅಸಲಿ ಕಥೆ ಯಾರಿಗೂ ಬೇಕಾಗಲಿಲ್ಲ.

ಅಸಲಿ ಕಥೆ ಇರುವುದು ಆಫ್ರಿಕಾದ ನದಿ ದಡಗಳಲ್ಲಿ. ಅಲ್ಲಿ ಒಂದು ಪರೋಪಜೀವಿ ಹುಳು ತಲೆಮಾರುಗಳ ಕಾಲ ಊರೂರಿನ ಕಣ್ಣು ಕಿತ್ತುಕೊಂಡಿದೆ. ರೋಗದ ಹೆಸರು ಆಂಕೋಸೆರ್ಸಿಯಾಸಿಸ್. ಜನರ ಬಾಯಲ್ಲಿ ರಿವರ್ ಬ್ಲೈಂಡ್‌ನೆಸ್, ಅಂದರೆ ನದಿಗುರುಡು. ಸೋಂಕಿನಿಂದ ಬರುವ ಕುರುಡುತನಗಳಲ್ಲಿ ಟ್ರಕೋಮಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕಾಡಿದ್ದು ಇದೇ. ಭಾರತದಲ್ಲಿ ಈ ರೋಗ ಇಲ್ಲ. ಆದರೂ ಇದರ ಬಗ್ಗೆ ನಾವು ತಿಳಿದುಕೊಳ್ಳಬೇಕು ಅಂತ ನನಗನ್ನಿಸುತ್ತದೆ. ಬಡವರ ರೋಗಕ್ಕೆ ಔಷಧಿ ಹುಟ್ಟುವುದು ಹೇಗೆ, ಅದನ್ನು ಮನೆಮನೆಗೆ ಮುಟ್ಟಿಸುವವರು ಯಾರು, ದುಡ್ಡು ಕೊಡುವವರು ಕೈ ಎತ್ತಿದರೆ ಏನಾಗುತ್ತದೆ ಅನ್ನುವ ಮೂರೂ ಪ್ರಶ್ನೆಗಳು ಈ ಒಂದೇ ರೋಗದಲ್ಲಿ ಸಿಗುತ್ತವೆ.

ಹುಳು ಕಣ್ಣಿಗೆ ಹೋಗುವುದು ಹೇಗೆ?

ಮೊದಲು ರೋಗ ಏನು ಅಂತ ನೋಡೋಣ. ಹುಳುವಿನ ಹೆಸರು ಆಂಕೋಸೆರ್ಕಾ ವಾಲ್ವುಲಸ್. ನಮ್ಮ ಆನೆಕಾಲು ರೋಗ ತರುವ ಹುಳುವಿಗೆ ಇದು ದೂರದ ನೆಂಟ. ಆನೆಕಾಲು ಸೊಳ್ಳೆಯಿಂದ ಹರಡಿದರೆ, ಇದು ಸಿಮುಲಿಯಂ ಅನ್ನುವ ಸಣ್ಣ ಕಪ್ಪು ನೊಣದಿಂದ ಹರಡುತ್ತದೆ. ಈ ನೊಣಕ್ಕೆ ನಿಂತ ನೀರು ಆಗಿಬರುವುದಿಲ್ಲ. ರಭಸವಾಗಿ ಹರಿಯುವ, ಆಮ್ಲಜನಕ ತುಂಬಿದ ನೀರೇ ಬೇಕು. ಬಂಡೆಗೆ ನೀರು ಬಡಿಯುವ ಕಡೆ, ಅಣೆಕಟ್ಟಿನ ಕೋಡಿ ಬೀಳುವ ಕಡೆ ಅದರ ಮರಿಗಳು ಅಂಟಿಕೊಂಡು ಬೆಳೆಯುತ್ತವೆ. ನೊಣ ಕಚ್ಚುವುದು ಹಗಲಲ್ಲಿ, ಹಾಗಾಗಿ ಸೊಳ್ಳೆ ಪರದೆಯಿಂದ ಉಪಯೋಗ ಇಲ್ಲ. ಕಚ್ಚಿಸಿಕೊಳ್ಳುವವರು ಹೊಲದಲ್ಲಿ ಕೆಲಸ ಮಾಡುವವರು, ಮೀನು ಹಿಡಿಯುವವರು, ನೀರಿಗೆ ಹೋಗುವ ಹೆಂಗಸರು, ಮಕ್ಕಳು.

ನೊಣ ಕಚ್ಚಿದಾಗ ಹುಳುವಿನ ಮರಿ ಚರ್ಮದೊಳಗೆ ಇಳಿಯುತ್ತದೆ. ದೊಡ್ಡದಾದ ಹುಳುಗಳು ಚರ್ಮದಡಿ ಗಂಟು ಕಟ್ಟಿಕೊಂಡು ಕೂರುತ್ತವೆ. ಹೆಣ್ಣು ಹುಳು 10ರಿಂದ 15 ವರ್ಷ ಬದುಕುತ್ತದೆ, ದಿನಕ್ಕೆ ಸಾವಿರದಷ್ಟು ಮರಿ ಹಾಕುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಮರಿಗಳಿಗೆ ಮೈಕ್ರೋಫೈಲೇರಿಯಾ ಅಂತಾರೆ. ಇವು ಚರ್ಮದಲ್ಲೆಲ್ಲ ಓಡಾಡುತ್ತವೆ. ಮೊದಲ ತೊಂದರೆ ತುರಿಕೆ, ಅದೂ ನಿದ್ದೆ ಕೆಡಿಸುವಂಥ, ಕೆರೆದು ರಕ್ತ ಬರಿಸುವಂಥ ತುರಿಕೆ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗುತ್ತದೆ, ಸುಕ್ಕುಗಟ್ಟುತ್ತದೆ. ಮೊಣಕಾಲ ಕೆಳಗೆ ಬಣ್ಣ ಹೋಗಿ ಚಿರತೆ ಮೈಯಂತೆ ಚುಕ್ಕೆ ಚುಕ್ಕೆಯಾಗುತ್ತದೆ.

ಚರ್ಮದಲ್ಲಿ ಓಡಾಡುವ ಮರಿಗಳಲ್ಲಿ ಕೆಲವು ಕಣ್ಣಿಗೂ ಹೋಗುತ್ತವೆ. ಬದುಕಿರುವ ಮರಿಯಿಂದ ಕಣ್ಣಿಗೆ ಅಂಥ ತೊಂದರೆ ಏನಿಲ್ಲ, ಅದು ಸತ್ತಾಗ ಕಷ್ಟ ಶುರುವಾಗುತ್ತದೆ. ಈ ಹುಳುವಿನ ಮೈಯೊಳಗೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ವಾಸವಾಗಿರುತ್ತದೆ. ಮರಿ ಸತ್ತಾಗ ಆ ಬ್ಯಾಕ್ಟೀರಿಯಾ ಹೊರಗೆ ಬರುತ್ತದೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಬೀಳುತ್ತದೆ. ಈ ಯುದ್ಧ ನಡೆಯುವುದು ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ. ಒಂದು ಮರಿ ಸತ್ತರೆ ಒಂದು ಸಣ್ಣ ಬಿಳಿ ಚುಕ್ಕೆ, ಅದು ಮಾಯುತ್ತದೆ. ಸಾವಿರಾರು ಮರಿಗಳು ವರ್ಷಗಟ್ಟಲೆ ಸಾಯುತ್ತಾ ಹೋದರೆ ಅಲ್ಲಿ ಕಲೆ ಕಟ್ಟುತ್ತದೆ, ಕಾರ್ನಿಯಾ ಬೆಳ್ಳಗಾಗಿ ಬೆಳಕು ಒಳಗೆ ಹೋಗುವುದೇ ಇಲ್ಲ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕಣ್ಣಿನ ಹಿಂಭಾಗದ ರೆಟಿನಾ ಹಾಳಾಗಬಹುದು. ಮೆದುಳಿಗೆ ನೋಟ ಒಯ್ಯುವ ನರ ಸೊರಗಬಹುದು. ಕೆಲವರಿಗೆ ಮೊದಲು ಇರುಳುಗುರುಡು, ಆಮೇಲೆ ಪಕ್ಕದ ನೋಟ ಹೋಗಿ ಕೊಳವೆಯಲ್ಲಿ ನೋಡಿದ ಹಾಗೆ ಎದುರಿನದ್ದು ಮಾತ್ರ ಕಾಣುವುದು, ಕೊನೆಗೆ ಅದೂ ಇಲ್ಲ. ಪೊರೆ ಬಂದರೆ ಆಪರೇಷನ್ ಮಾಡಿಸಿ ನೋಟ ವಾಪಸ್ ತರಬಹುದು. ಇಲ್ಲಿ ರೆಟಿನಾ, ನರ ಹಾಳಾದ ಮೇಲೆ ಹೋದದ್ದು ಹೋಯಿತು. ಕಣ್ಣು ಹೋಗುವ ಮೊದಲೇ ಹುಳುವನ್ನು ತಡೆಯಬೇಕು, ಉಳಿದ ದಾರಿ ಇಲ್ಲ.

ಒಂದೆರಡು ಸಲ ಕಚ್ಚಿಸಿಕೊಂಡರೆ ಯಾರೂ ಕುರುಡರಾಗುವುದಿಲ್ಲ. ವರ್ಷಗಟ್ಟಲೆ, ಮತ್ತೆ ಮತ್ತೆ ಕಚ್ಚಿಸಿಕೊಂಡವರ ಮೈಯಲ್ಲಿ ಹುಳುವಿನ ಹೊರೆ ಏರುತ್ತಾ ಹೋಗುತ್ತದೆ. ಪ್ರವಾಸಿಗೆ ಅಪಾಯ ಕಡಿಮೆ, ಅಲ್ಲೇ ಹುಟ್ಟಿ ಅಲ್ಲೇ ದುಡಿಯುವವರಿಗೆ ಜಾಸ್ತಿ. ಇದು ಬಡತನದ ರೋಗ ಅನ್ನುವುದಕ್ಕೆ ವೈದ್ಯಕೀಯ ಕಾರಣವೇ ಇದೆ.

ಒಳ್ಳೆಯ ಭೂಮಿ, ಖಾಲಿ ಊರು

ಪಶ್ಚಿಮ ಆಫ್ರಿಕಾದ ಸವನ್ನಾ ಹುಲ್ಲುಗಾವಲಿನ ಪ್ರದೇಶದಲ್ಲಿ ಈ ರೋಗ ಕಣ್ಣಿಗೆ ಅತಿ ಕ್ರೂರ. 1970ರ ದಶಕದಲ್ಲಿ ಅಲ್ಲಿನ ಕೆಲವು ಊರುಗಳಲ್ಲಿ 40 ದಾಟಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ ಕುರುಡರಾಗಿದ್ದರು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ದಾಖಲಿಸಿದೆ. ದುಡಿಯುವ ವಯಸ್ಸಿನವರು ಕೋಲು ಹಿಡಿದು ಕೂತರೆ ಅವರ ಕೋಲಿನ ಇನ್ನೊಂದು ತುದಿ ಹಿಡಿದು ನಡೆಸುವುದು ಮಕ್ಕಳ ಕೆಲಸ. ಆ ಮಗು ಶಾಲೆಗೆ ಹೋಗುವುದಿಲ್ಲ. ಕುರುಡನನ್ನು ಹುಡುಗನೊಬ್ಬ ಕೋಲು ಹಿಡಿದು ನಡೆಸುವ ಕಂಚಿನ ಪ್ರತಿಮೆ ಇವತ್ತು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಮುಂದೆಯೂ ಇದೆ, ವಾಷಿಂಗ್ಟನ್‌ನ ವಿಶ್ವ ಬ್ಯಾಂಕಿನಲ್ಲೂ ಇದೆ.

ಜನ ಏನು ಮಾಡಿದರು? ಊರು ಬಿಟ್ಟರು. ನದಿ ಕಣಿವೆಯ ಫಲವತ್ತಾದ ಭೂಮಿ ಬಿಟ್ಟು, ನೀರಿಲ್ಲದ ಗುಡ್ಡದ ಕಡೆ ಹೋದರು. ನೀರಿರುವ ಕಡೆ ಬದುಕಿದರೆ ಕಣ್ಣಿಲ್ಲ, ಕಣ್ಣು ಉಳಿಸಿಕೊಂಡರೆ ಬೆಳೆ ಇಲ್ಲ. ಹೊರಗಿನಿಂದ ಬಂದು ನೋಡಿದವರಿಗೆ ಇದು ಸೋಮಾರಿತನದಂತೆ ಕಾಣಬಹುದು, ಇಷ್ಟು ಒಳ್ಳೆ ಭೂಮಿ ಪಾಳು ಬಿಟ್ಟಿದ್ದಾರಲ್ಲ ಅಂತ. ಪಾಳು ಬಿಡಿಸಿದ್ದು ನೊಣ.

ರೋಗ ಅಮೆರಿಕ ಖಂಡಕ್ಕೆ ಹೋದ ದಾರಿಯೂ ಗೊತ್ತಿದೆ. ಗುಲಾಮರ ಹಡಗುಗಳ ಜೊತೆ ಅಟ್ಲಾಂಟಿಕ್ ದಾಟಿತು. ಅಲ್ಲಿನ ಹುಳುವಿನ ವಂಶವಾಹಿ ಪಶ್ಚಿಮ ಆಫ್ರಿಕಾದ ಹುಳುವಿನದ್ದಕ್ಕೆ ಹೊಂದುತ್ತದೆ. 1915ರಲ್ಲಿ ಗ್ವಾಟೆಮಾಲಾದ ವೈದ್ಯ ರೊಡಾಲ್ಫೊ ರೋಬ್ಲೆಸ್ ಅಲ್ಲಿನ ಕಾಫಿ ಸೀಮೆಯ ಜನರಲ್ಲಿ ತಲೆಯ ಗಂಟಿಗೂ ಕಣ್ಣು ಹೋಗುವುದಕ್ಕೂ ಸಂಬಂಧ ಇದೆ ಅಂತ ತೋರಿಸಿದರು. ನೊಣವೇ ಇದನ್ನು ಹರಡುತ್ತದೆ ಅಂತ 1926ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಡೊನಾಲ್ಡ್ ಬ್ಲಾಕ್‌ಲಾಕ್ ಸಾಬೀತು ಮಾಡಿದರು. ಅಂದರೆ ಕಾರಣ ಗೊತ್ತಾಗಿ ಸುಮಾರು 50 ವರ್ಷ ಆದ ಮೇಲೆ, 1974ರಲ್ಲಿ, ಏಳು ದೇಶಗಳಲ್ಲಿ ಒಟ್ಟಿಗೆ ದೊಡ್ಡ ಕಾರ್ಯಕ್ರಮ ಶುರುವಾಯಿತು. ಆ ಅವಧಿಯಲ್ಲಿ 1960ರ ಹೊತ್ತಿನವರೆಗೆ ಈ ಪ್ರದೇಶದ ಬಹುಪಾಲನ್ನು ಆಳಿದ್ದು ಫ್ರಾನ್ಸ್ ಮತ್ತು ಬ್ರಿಟನ್. ಆ 50 ವರ್ಷದ ಲೆಕ್ಕವನ್ನು ಯಾರು ಕೊಡಬೇಕು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

1974ರ ಕಾರ್ಯಕ್ರಮದ ವಿಧಾನ ಸರಳ, ಆದರೆ ಹಠ ಬೇಕಿತ್ತು. ಹೆಲಿಕಾಪ್ಟರ್‌ಗಳಿಂದ ವಾರ ವಾರ ನದಿಗೆ ನೊಣದ ಮರಿ ಕೊಲ್ಲುವ ಔಷಧಿ ಹಾಕುವುದು. ದೊಡ್ಡ ಹುಳು ಮನುಷ್ಯನ ಮೈಯಲ್ಲಿ 15 ವರ್ಷ ಬದುಕುವುದರಿಂದ ಅಷ್ಟೂ ವರ್ಷ ನೊಣ ತಡೆಯಬೇಕು. ಆಮೇಲೆ ಇದು 11 ದೇಶಗಳಿಗೆ ಹಬ್ಬಿತು, 2002ರವರೆಗೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 6 ಲಕ್ಷ ಜನರ ಕಣ್ಣು ಉಳಿಯಿತು, 2.5 ಕೋಟಿ ಹೆಕ್ಟೇರ್ ಕೃಷಿ ಭೂಮಿ ಮತ್ತೆ ಬಳಕೆಗೆ ಬಂತು. ಸಾರ್ವಜನಿಕ ದುಡ್ಡು, ಹಲವು ಸರ್ಕಾರಗಳು, 28 ವರ್ಷ. ಸರ್ಕಾರಿ ಕೆಲಸ ಅಂದರೆ ಆಗದ ಹೋಗದ ಮಾತು ಅನ್ನುವವರಿಗೆ ನಾನು ಈ ಉದಾಹರಣೆ ಕೊಡ್ತೀನಿ.

ದನಕ್ಕೆ ಬಂದ ಔಷಧಿ ಮನುಷ್ಯರಿಗೆ ಸಿಕ್ಕಿದ್ದು

ನೊಣ ಕೊಂದರೂ ಈಗಾಗಲೇ ಮೈಯಲ್ಲಿರುವ ಹುಳುವಿಗೆ ಏನು ಮಾಡೋದು? ಇದ್ದ ಹಳೆ ಔಷಧಿಗಳಲ್ಲಿ ಒಂದು ಡಿಇಸಿ. ಅದು ಮರಿಗಳನ್ನು ಒಂದೇ ಸಲಕ್ಕೆ ಕೊಲ್ಲುತ್ತದೆ. ಮರಿ ಸತ್ತರೇ ಕಣ್ಣಿಗೆ ಹಾನಿ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಡಿಇಸಿ ಕೊಟ್ಟರೆ ಜ್ವರ, ವಿಪರೀತ ತುರಿಕೆ, ಕೆಲವರಿಗೆ ಇದ್ದ ನೋಟವೂ ಹೋಗುವ ಅಪಾಯ. ಸುರಾಮಿನ್ ಅನ್ನುವ ಇನ್ನೊಂದು ಔಷಧಿ ತೀರಾ ವಿಷಕಾರಿ. ಊರಿಗೆಲ್ಲ ಹಂಚುವಂಥದ್ದು ಎರಡರಲ್ಲಿ ಒಂದೂ ಅಲ್ಲ.

ಉತ್ತರ ಬಂದದ್ದು ಜಪಾನಿನ ಮಣ್ಣಿನಿಂದ. ಕಿಟಸಾಟೊ ಸಂಸ್ಥೆಯ ಸತೋಷಿ ಒಮುರಾ ಅಲ್ಲಲ್ಲಿ ಮಣ್ಣು ಸಂಗ್ರಹಿಸಿ ಅದರೊಳಗಿನ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಶಿಜುವೋಕಾ ಪ್ರಾಂತ್ಯದಲ್ಲಿ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅಮೆರಿಕದ ಮರ್ಕ್ ಕಂಪನಿಗೆ ಹೋಯಿತು. ಅಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತಂಡ ಅದರಿಂದ ಪರೋಪಜೀವಿ ಕೊಲ್ಲುವ ಪದಾರ್ಥ ತೆಗೆಯಿತು. ಅದನ್ನು ತಿದ್ದಿ ಮಾಡಿದ್ದೇ ಐವರ್‌ಮೆಕ್ಟಿನ್. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

1981ರಲ್ಲಿ ಈ ಔಷಧಿ ಮಾರುಕಟ್ಟೆಗೆ ಬಂದದ್ದು ದನ, ಕುರಿ, ಕುದುರೆಗಳಿಗಾಗಿ. ಪಶುಔಷಧಿಗಳಲ್ಲಿ ಅದು ಭಾರೀ ಲಾಭ ತಂದಿತು. ಮನುಷ್ಯರಿಗೂ ಆಗಬಹುದು ಅಂತ ಕಂಪನಿಯೊಳಗೆ ಪಟ್ಟು ಹಿಡಿದವರಲ್ಲಿ ಮುಖ್ಯರು ಮೊಹಮ್ಮದ್ ಅಜೀಜ್, ಇಂದಿನ ಬಾಂಗ್ಲಾದೇಶದ ಮೂಲದ ವೈದ್ಯ. 1981ರಲ್ಲೇ ಸೆನೆಗಲ್‌ನ ಡಕಾರ್‌ನಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯೋಗ ನಡೆಯಿತು. ಐವರ್‌ಮೆಕ್ಟಿನ್ ಮರಿಗಳನ್ನು ಡಿಇಸಿಯಷ್ಟು ರಭಸದಿಂದ ಕೊಲ್ಲುವುದಿಲ್ಲ, ಕಣ್ಣಿಗೆ ಹೊಡೆತ ಕಡಿಮೆ. ಜೊತೆಗೆ ದೊಡ್ಡ ಹುಳು ತಿಂಗಳುಗಟ್ಟಲೆ ಮರಿ ಬಿಡದಂತೆ ಮಾಡುತ್ತದೆ.

ಔಷಧಿ ಸಿದ್ಧವಾಯಿತು, ಕೊಳ್ಳುವವರು ಯಾರು? ಬೇಕಾದವರ ಹತ್ತಿರ ದುಡ್ಡಿಲ್ಲ. ಖರ್ಚು ಹೊರಲು ಸರ್ಕಾರಗಳೂ ಮುಂದೆ ಬರಲಿಲ್ಲ. 1987ರ ಅಕ್ಟೋಬರ್‌ನಲ್ಲಿ ಮರ್ಕ್ ಮುಖ್ಯಸ್ಥ ರಾಯ್ ವಾಗೆಲೋಸ್, ಈ ರೋಗಕ್ಕೆ ಎಷ್ಟು ಬೇಕೋ ಅಷ್ಟು, ಎಷ್ಟು ಕಾಲ ಬೇಕೋ ಅಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಘೋಷಿಸಿದರು. ಅದು ಇವತ್ತಿಗೂ ನಡೆಯುತ್ತಿದೆ.

ಇದನ್ನು ಹೊಗಳಬೇಕಾದಷ್ಟು ಹೊಗಳೋಣ. ಆದರೆ ಇನ್ನೊಂದು ಮಾತೂ ಹೇಳಬೇಕು. ದನಕ್ಕೆ ಮಾರುಕಟ್ಟೆ ಇಲ್ಲದಿದ್ದರೆ ಈ ಔಷಧಿ ಹುಟ್ಟುತ್ತಿತ್ತೇ? ಶ್ರೀಮಂತ ದೇಶಗಳ ದನಕರುಗಳಿಗೆ ಹುಳು ಬಿದ್ದದ್ದರಿಂದ ಆಫ್ರಿಕಾದ ರೈತನ ಕಣ್ಣು ಉಳಿಯಿತು. ಇದು ಅದೃಷ್ಟ. ಅದೃಷ್ಟವನ್ನು ಆರೋಗ್ಯ ನೀತಿ ಅಂತ ಕರೆಯಲು ಬರುವುದಿಲ್ಲ. ಲಾಭ ಇಲ್ಲದ ಕಡೆ ಸಂಶೋಧನೆ ಹೇಗೆ ಒಣಗುತ್ತದೆ ಅನ್ನುವುದಕ್ಕೆ ಮಾಕ್ಸಿಡೆಕ್ಟಿನ್ ಸಾಕ್ಷಿ. ಇದೂ ಮೊದಲು ಪಶುಔಷಧಿ, ಮರಿಗಳನ್ನು ಐವರ್‌ಮೆಕ್ಟಿನ್‌ಗಿಂತ ಹೆಚ್ಚು ಕಾಲ ತಡೆಯುತ್ತದೆ. ಮನುಷ್ಯರಿಗೆ ಅದಕ್ಕೆ ಅನುಮತಿ ಸಿಕ್ಕಿದ್ದು 2018ರಲ್ಲಿ, ಅದೂ ಆಸ್ಟ್ರೇಲಿಯಾದ ಲಾಭರಹಿತ ಸಂಸ್ಥೆಯೊಂದು ಕೈಗೆತ್ತಿಕೊಂಡಿದ್ದರಿಂದ.

ಮಾತ್ರೆ ಹಂಚುವವರು ಯಾರು?

ಐವರ್‌ಮೆಕ್ಟಿನ್ ದೊಡ್ಡ ಹುಳುವನ್ನು ಕೊಲ್ಲುವುದಿಲ್ಲ. ಹಾಗಾಗಿ ಒಂದು ಸಲ ನುಂಗಿದರೆ ಮುಗಿಯಲಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ, 10ರಿಂದ 15 ವರ್ಷ, ಊರಿನ ಶೇಕಡ 80ರಷ್ಟು ಜನ ನುಂಗಬೇಕು. ವೊಲ್ಬಾಕಿಯಾ ಬ್ಯಾಕ್ಟೀರಿಯಾ ಕೊಂದರೆ ದೊಡ್ಡ ಹುಳು ಬಂಜೆಯಾಗಿ ಸಾಯುತ್ತದೆ, ಡಾಕ್ಸಿಸೈಕ್ಲಿನ್ ಆ ಕೆಲಸ ಮಾಡುತ್ತದೆ. ಆದರೆ ಅದನ್ನು ನಾಲ್ಕರಿಂದ ಆರು ವಾರ ದಿನಾ ನುಂಗಬೇಕು. ಆಸ್ಪತ್ರೆ ಇಲ್ಲದ ಸಾವಿರಾರು ಹಳ್ಳಿಗೆ ಅದು ಆಗುವ ಮಾತಲ್ಲ.

ಡಾಕ್ಟರೇ ಇಲ್ಲದ ಕಡೆ ವರ್ಷ ವರ್ಷ ಮಾತ್ರೆ ಕೊಡುವವರು ಯಾರು? ಇಲ್ಲಿ ಬಂತು ಊರಿನ ಜನ. 1995ರಲ್ಲಿ ಶುರುವಾದ ಆಫ್ರಿಕಾದ ಎರಡನೇ ಕಾರ್ಯಕ್ರಮ ಒಂದು ಹೊಸ ಪದ್ಧತಿ ತಂದಿತು. ಮಾತ್ರೆ ಯಾವಾಗ ಹಂಚಬೇಕು, ಯಾರು ಹಂಚಬೇಕು ಅಂತ ಊರೇ ಕೂತು ತೀರ್ಮಾನ ಮಾಡುವುದು. ಊರವರೇ ಆರಿಸಿದ ಹೆಂಗಸೋ ಗಂಡಸೋ ಒಂದು ಕೋಲು, ಒಂದು ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾರೆ. ತೂಕದ ಯಂತ್ರ ಬೇಡ, ಕೋಲಿಗೆ ನಿಲ್ಲಿಸಿ ಎತ್ತರ ನೋಡಿ ಎಷ್ಟು ಮಾತ್ರೆ ಅಂತ ಹೇಳಬಹುದು. 90 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಮೊದಲ ವಾರ ಕೊಡುವಂತಿಲ್ಲ.

ಈ ಕೆಲಸಕ್ಕೆ ಬಹುಪಾಲು ಸಂಬಳ ಇಲ್ಲ. ಕೋಟಿಗಟ್ಟಲೆ ಮಾತ್ರೆಯ ದಾನಕ್ಕೆ ಪ್ರತಿಮೆಗಳಿವೆ, ಅದನ್ನು ಬಿಸಿಲಲ್ಲಿ ನಡೆದು ಹಂಚಿದವರ ಹೆಸರು ಎಲ್ಲೂ ಇಲ್ಲ. ನಮಗೆ ಇದು ಹೊಸದೇನಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿ ಆಶಾ ಕಾರ್ಯಕರ್ತೆಯರು ಕೇಳಿದ್ದೂ ಇದೇ ಪ್ರಶ್ನೆ. ತಿಂಗಳಿಗೆ ಇಷ್ಟು ಅಂತ ಗೌರವಧನ ಖಾತ್ರಿ ಮಾಡಿ ಅಂತ ಕೇಳಲು ಅವರು ಬೀದಿಗೆ ಬರಬೇಕಾಯಿತು. ಸಮುದಾಯದ ಸೇವೆ ಅನ್ನುವ ಚಂದದ ಮಾತಿನಡಿ ಬಡವರ ದುಡಿಮೆಯನ್ನು ಪುಕ್ಕಟೆ ಪಡೆಯುವುದು ಅಲ್ಲೂ ಇದೆ, ಇಲ್ಲೂ ಇದೆ.

ಇನ್ನೊಂದು ತೊಡಕು ಮಧ್ಯ ಆಫ್ರಿಕಾದ ಕಾಡಿನಲ್ಲಿದೆ. ಅಲ್ಲಿ ಲೋವಾ ಲೋವಾ ಅನ್ನುವ ಇನ್ನೊಂದು ಹುಳು ಇದೆ, ಕೆಲವೊಮ್ಮೆ ಕಣ್ಣಿನ ಬಿಳಿ ಭಾಗದ ಮೇಲೆ ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ. ರಕ್ತದಲ್ಲಿ ಅದರ ಮರಿಗಳು ತುಂಬಾ ಇರುವವರಿಗೆ ಐವರ್‌ಮೆಕ್ಟಿನ್ ಕೊಟ್ಟರೆ ಮೆದುಳಿಗೆ ಹೊಡೆತ ಬೀಳಬಹುದು, ಸಾವೂ ಆಗಿದೆ. ಅದಕ್ಕೇ ಕ್ಯಾಮರೂನ್‌ನಲ್ಲಿ ಮೊಬೈಲ್ ಫೋನಿಗೆ ಜೋಡಿಸುವ ಸೂಕ್ಷ್ಮದರ್ಶಕದಿಂದ ಒಂದು ಹನಿ ರಕ್ತ ಪರೀಕ್ಷಿಸಿ, ಅಪಾಯ ಇದ್ದವರನ್ನು ಬಿಟ್ಟು ಉಳಿದವರಿಗೆ ಕೊಡುವ ಪ್ರಯೋಗ ಯಶಸ್ವಿಯಾಯಿತು. ಐವರ್‌ಮೆಕ್ಟಿನ್ ಎಲ್ಲರಿಗೂ ಕೊಡಬಹುದಾದ ನಿರಪಾಯಕಾರಿ ಮಾತ್ರೆ ಅಂತ 2021ರಲ್ಲಿ ಫಾರ್ವರ್ಡ್ ಮಾಡಿದವರು ಇಷ್ಟನ್ನಾದರೂ ಓದಬೇಕಿತ್ತು.

ಗೆದ್ದ ಕಡೆ, ಗೆಲ್ಲದ ಕಡೆ

ಗೆಲುವು ಸಾಧ್ಯ ಅನ್ನುವುದರಲ್ಲಿ ಅನುಮಾನ ಇಲ್ಲ. ಕೊಲಂಬಿಯಾ 2013ರಲ್ಲಿ, ಎಕ್ವಡಾರ್ 2014ರಲ್ಲಿ, ಮೆಕ್ಸಿಕೊ 2015ರಲ್ಲಿ, ಗ್ವಾಟೆಮಾಲಾ 2016ರಲ್ಲಿ ರೋಗಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. 2025ರ ಜನವರಿಯಲ್ಲಿ ನೈಜರ್ ಆ ಪಟ್ಟಿಗೆ ಸೇರಿತು. ಆಫ್ರಿಕಾದಲ್ಲಿ ಮೊದಲ ದೇಶ ಅದೇ, ಜಗತ್ತಿನ ತೀರಾ ಬಡ ದೇಶಗಳಲ್ಲೂ ಒಂದು.

ಅಮೆರಿಕ ಖಂಡದಲ್ಲಿ ಇನ್ನೂ ಉಳಿದಿರುವುದು ಒಂದೇ ಕಡೆ, ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಯಾನೊಮಾಮಿ ಆದಿವಾಸಿಗಳ ಕಾಡಿನಲ್ಲಿ. ಅವರು ಊರಿಂದೂರಿಗೆ ಹೋಗುವ ಜನ, ಕಾಡು ದುರ್ಗಮ ಅಂತ ಕಾರಣ ಕೊಡುತ್ತಾರೆ. ಅದು ನಿಜ, ಪೂರ್ತಿ ನಿಜ ಅಲ್ಲ. ಅದೇ ಕಾಡಿಗೆ ಅಕ್ರಮ ಚಿನ್ನದ ಗಣಿಯವರು ವಿಮಾನ ಇಳಿಸಿಕೊಂಡು ಹೋಗಿದ್ದಾರೆ. 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಯಾನೊಮಾಮಿ ಪ್ರದೇಶದಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಚಿನ್ನಕ್ಕೆ ದಾರಿ ಸಿಗುವ ಕಡೆ ಮಾತ್ರೆಗೆ ದಾರಿ ಸಿಗುವುದಿಲ್ಲ ಅಂದರೆ ತಪ್ಪು ಕಾಡಿನದ್ದಲ್ಲ.

ಆಫ್ರಿಕಾದ ಕೆಲಸ ಇನ್ನೂ ದೊಡ್ಡದು. 2023ರ ಲೆಕ್ಕದಲ್ಲಿ ಸುಮಾರು 25 ಕೋಟಿ ಜನರಿಗೆ ತಡೆ ಮಾತ್ರೆ ಬೇಕಿತ್ತು. ಯುದ್ಧದಲ್ಲಿ ನಲುಗಿರುವ ದಕ್ಷಿಣ ಸುಡಾನ್, ಕಾಂಗೋದಂಥ ಕಡೆ ರೋಗ ಗಟ್ಟಿಯಾಗಿ ಕೂತಿದೆ. ಅಲ್ಲಿ ಮಕ್ಕಳಲ್ಲಿ ಅಪಸ್ಮಾರವೂ ಹೆಚ್ಚು. ಅದಕ್ಕೂ ಈ ಸೋಂಕಿಗೂ ನಂಟಿದೆ ಅಂತ ಅಧ್ಯಯನಗಳು ತೋರಿಸುತ್ತಿವೆ.

ಇಂಥ ಹೊತ್ತಲ್ಲಿ ದುಡ್ಡು ನಿಲ್ಲುತ್ತಿದೆ. 2021ರಲ್ಲಿ ಬ್ರಿಟನ್ ತನ್ನ ವಿದೇಶಿ ನೆರವು ಕಡಿತ ಮಾಡಿದಾಗ ಇಂಥ ರೋಗಗಳ ದೊಡ್ಡ ಕಾರ್ಯಕ್ರಮವೊಂದು ಮುಚ್ಚಿತು. 2025ರಲ್ಲಿ ಟ್ರಂಪ್ ಸರ್ಕಾರ ಯುಎಸ್‌ಏಡ್ ಅನ್ನೇ ಮುಚ್ಚಿತು, ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವುದಾಗಿ ಹೇಳಿತು. ಮರ್ಕ್ ಕೊಡುವ ಮಾತ್ರೆ ಬಂದರಿಗೆ ಬರಬಹುದು. ಬಂದರಿನಿಂದ ಹಳ್ಳಿಗೆ ಲಾರಿ, ತರಬೇತಿ, ಪುಸ್ತಕ, ಮೇಲ್ವಿಚಾರಣೆಗೆ ದುಡ್ಡು ಬೇಕಲ್ಲ? ಹುಳುವಿಗೆ ಬಜೆಟ್ ವರ್ಷ ಗೊತ್ತಿಲ್ಲ. 12 ವರ್ಷ ಮಾತ್ರೆ ಕೊಟ್ಟು ಎರಡು ವರ್ಷ ಬಿಟ್ಟರೆ ಉಳಿದ ಹುಳು ಮತ್ತೆ ಮರಿ ಹಾಕುತ್ತದೆ, ನೊಣ ಮತ್ತೆ ಹೊತ್ತುಕೊಂಡು ಹೋಗುತ್ತದೆ.

ನಮಗ್ಯಾಕೆ ಇದು?

ನೇರ ಸಂಬಂಧವೊಂದಿದೆ. ಯಾದಗಿರಿಯಲ್ಲಿ ಆನೆಕಾಲು ರೋಗ ತಡೆಯಲು ಊರಿಗೆಲ್ಲ ಕೊಟ್ಟ ಮೂರು ಔಷಧಿಗಳಲ್ಲಿ ಒಂದು ಇದೇ ಐವರ್‌ಮೆಕ್ಟಿನ್. ಇನ್ನೆರಡು ಡಿಇಸಿ ಮತ್ತು ಅಲ್ಬೆಂಡಜೋಲ್. ನದಿಗುರುಡು ಇರುವ ಆಫ್ರಿಕಾದ ಊರುಗಳಲ್ಲಿ ಈ ಮೂರನ್ನೂ ಒಟ್ಟಿಗೆ ಹಂಚಲು ಆಗುವುದಿಲ್ಲ, ಯಾಕೆಂದರೆ ಡಿಇಸಿ ಅಲ್ಲಿ ಕಣ್ಣು ತೆಗೆಯಬಹುದು. ನಮ್ಮಲ್ಲಿ ಆ ಹುಳು ಇಲ್ಲದ್ದರಿಂದ ಕೊಡಬಹುದು. ಒಂದೇ ಮಾತ್ರೆ ಒಂದು ಊರಲ್ಲಿ ಮದ್ದು, ಇನ್ನೊಂದು ಊರಲ್ಲಿ ಅಪಾಯ. ಯಾವ ಊರಲ್ಲಿ ಯಾವುದು ಅಂತ ಹೇಳಲು ಸಮೀಕ್ಷೆ ಬೇಕು, ಲ್ಯಾಬ್ ಬೇಕು, ಜನ ನಂಬುವ ಆರೋಗ್ಯ ವ್ಯವಸ್ಥೆ ಬೇಕು.

ಮಾತ್ರೆ ತೆಗೆದುಕೊಂಡು ಹಿತ್ತಲಿಗೆ ಎಸೆಯುವವರು ಯಾದಗಿರಿಯಲ್ಲೂ ಇದ್ದಾರೆ, ಘಾನಾದಲ್ಲೂ ಇದ್ದಾರೆ. ಅವರನ್ನು ಮೂಢರು ಅನ್ನುವುದು ಸುಲಭ. ರೋಗ ಇಲ್ಲದವನೂ ಯಾಕೆ ನುಂಗಬೇಕು, ನುಂಗಿದ ಮೇಲೆ ತಲೆ ತಿರುಗಿದರೆ ಯಾರನ್ನು ಕೇಳಬೇಕು ಅಂತ ಅವರಿಗೆ ಯಾರಾದರೂ ಕೂತು ಹೇಳಿದ್ದಾರಾ? ಊರನ್ನು ಕೇಳಿ, ಊರಿನವರ ಕೈಯಲ್ಲೇ ಕೆಲಸ ಕೊಟ್ಟಾಗ ಆಫ್ರಿಕಾದ ಹಳ್ಳಿಗಳು ವರ್ಷಗಟ್ಟಲೆ ಮಾತ್ರೆ ನುಂಗಿವೆ.

ನನ್ನ ಬೇಡಿಕೆ ಸರಳ. ಬಡವರ ರೋಗಗಳ ಔಷಧಿ ಸಂಶೋಧನೆಗೆ ಸಾರ್ವಜನಿಕ ದುಡ್ಡು ಹಾಕಿ, ಅದರಲ್ಲಿ ಜಗತ್ತಿಗೆ ಔಷಧಿ ಮಾಡಿಕೊಡುವ ಭಾರತವೂ ತನ್ನ ಪಾಲು ಕೊಡಲಿ. ಮಾತ್ರೆ ಹಂಚುವವರಿಗೆ ಸಂಬಳ ಕೊಡಿ. ಶುರು ಮಾಡಿದ ಕಾರ್ಯಕ್ರಮವನ್ನು ಹುಳು ಸಾಯುವವರೆಗೆ ನಡೆಸಿ, ಸರ್ಕಾರ ಬದಲಾಗುವವರೆಗೆ ಅಲ್ಲ. ಕಣ್ಣು ಹೋದ ಮೇಲೆ ತರಲು ಯಾವ ಮಾತ್ರೆಯೂ ಇಲ್ಲ. ಹೋಗುವ ಮೊದಲು ಉಳಿಸುವ ಮಾತ್ರೆ 1987ರಿಂದ ನಮ್ಮ ಕೈಯಲ್ಲಿದೆ.